ಇಪ್ಪತ್ತನಾಲ್ಕನೆಯ ಗಂಟೆ: ವೆನಿಸ್ ನಗರದಲ್ಲಿ ಒಂದು ರಾತ್ರಿ ನಡಿಗೆ

ನವೆಂಬರ್ ತಿಂಗಳ ಒಂದು ರಾತ್ರಿ, ಎಂಟೂವರೆಗೆ, ಇಟಲಿಯ ವೆನಿಸ್ ನಗರದ ಸಾನ್ ಮಾರ್ಕೊ ಚೌಕದಲ್ಲಿ ನಾವು ಹದಿನಾಲ್ಕು ಮಂದಿ ಸೇರಿದ್ದೆವು. ಬೇರೆ ಬೇರೆ ದೇಶಗಳಿಂದ ಬಂದವರು, ಒಬ್ಬರಿಗೊಬ್ಬರು ಪರಿಚಯವಿಲ್ಲದವರು. ಮಾರ್ಗದರ್ಶಿಯ ಜೊತೆ ರಾತ್ರಿಯ ಹೊತ್ತು ಹಳೆಯ ಊರನ್ನು ನಡೆದು ನೋಡುವ ಎರಡೂವರೆ ಗಂಟೆಯ ಕಾರ್ಯಕ್ರಮ ಅದು. ನಮ್ಮ ಮಾರ್ಗದರ್ಶಿ ಇತಿಹಾಸ ಓದಿದ ಯುವತಿ. ಕೈಯಲ್ಲಿ ಒಂದು ಟಾರ್ಚ್, ಹೆಗಲಿಗೆ ಛತ್ರಿ. ಚೌಕದ ಅಂಚಿನಲ್ಲಿ, ಸಮುದ್ರ ಉಕ್ಕಿ ನೆಲದ ಮೇಲೆ ನೀರು ಬಂದಾಗ ಜನ ನಡೆಯಲೆಂದು ಮರದ ಹಲಗೆಗಳನ್ನು ಪೇರಿಸಿಟ್ಟಿದ್ದರು. ಅಂದು ನೀರು ಬಂದಿರಲಿಲ್ಲ.

ವೆನಿಸ್ ಬಗ್ಗೆ ನೀವು ಪಾಠಗಳಲ್ಲಿ ಓದಿರುತ್ತೀರಿ. ತಗ್ಗು ಸಮುದ್ರದ ನಡುವೆ ನೂರಕ್ಕೂ ಹೆಚ್ಚು ಪುಟ್ಟ ದ್ವೀಪಗಳು, ಅವುಗಳನ್ನು ಜೋಡಿಸುವ ನಾನೂರಕ್ಕೂ ಹೆಚ್ಚು ಸೇತುವೆಗಳು, ರಸ್ತೆಗಳ ಬದಲು ಕಾಲುವೆಗಳು. ಡೋಜ್ ಎಂಬ ಚುನಾಯಿತ ಮುಖ್ಯಸ್ಥನ ಕೆಳಗೆ ಶ್ರೀಮಂತ ವರ್ತಕ ಮನೆತನಗಳು ನಡೆಸಿದ ಗಣರಾಜ್ಯ ಇದು. 1797ರಲ್ಲಿ ನೆಪೋಲಿಯನ್ನನ ಮುಂದೆ ಮಣಿಯುವವರೆಗೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಉಳಿದುಕೊಂಡಿತ್ತು. ಇಷ್ಟು ಎಲ್ಲ ಪುಸ್ತಕಗಳಲ್ಲೂ ಇದೆ. ಪುಸ್ತಕಗಳಲ್ಲಿ ಅಷ್ಟಾಗಿ ಇಲ್ಲದ ಒಂದು ವಿಷಯವನ್ನು ಆ ರಾತ್ರಿ ನಾನು ಕಂಡೆ. ಹಳೆಯ ಕಾಲದಲ್ಲಿ ರಾತ್ರಿ ಎನ್ನುವುದು ಬರಿಯ ಕತ್ತಲೆಯಾಗಿರಲಿಲ್ಲ. ಅದನ್ನೂ ಸರ್ಕಾರ ಆಳುತ್ತಿತ್ತು. ಯಾರು ಹೊರಗಿರಬಹುದು, ಯಾರು ಒಳಗಿರಬೇಕು, ಯಾರ ಕೈಯಲ್ಲಿ ದೀಪವಿರಬೇಕು, ಬಾಗಿಲು ಎಷ್ಟು ಹೊತ್ತಿಗೆ ಮುಚ್ಚಬೇಕು — ಎಲ್ಲಕ್ಕೂ ಕಟ್ಟಳೆಯಿತ್ತು.

ನಡಿಗೆ ಆರಂಭವಾದದ್ದು ಗಡಿಯಾರದ ಗೋಪುರದ ಕೆಳಗೆ. 1499ರಲ್ಲಿ ಉದ್ಘಾಟನೆಯಾದ ಗೋಪುರ. ತುದಿಯಲ್ಲಿ ಕಂಚಿನ ಎರಡು ದೊಡ್ಡ ಪ್ರತಿಮೆಗಳು ಸುತ್ತಿಗೆಯಿಂದ ಗಂಟೆ ಬಾರಿಸುತ್ತವೆ. ಕೆಳಗೆ ನೀಲಿ ಮತ್ತು ಚಿನ್ನದ ಬಣ್ಣದ ದೊಡ್ಡ ಮುಖಫಲಕ. ಅದರಲ್ಲಿ ಹನ್ನೆರಡು ರಾಶಿಗಳು, ಚಂದ್ರನ ಕಲೆಗಳು. ಗಡಿಯಾರ ಮಾಡಿದ ತಂದೆ-ಮಗನ ಕಣ್ಣುಗಳನ್ನು ಸರ್ಕಾರ ಕೀಳಿಸಿತು, ಅಂಥದ್ದು ಬೇರೆಲ್ಲೂ ಆಗಬಾರದೆಂದು, ಎಂಬ ಕಥೆಯನ್ನು ಮಾರ್ಗದರ್ಶಿ ಹೇಳಿ, ಕೂಡಲೇ ಅದು ಸುಳ್ಳು ಎಂದೂ ಹೇಳಿದಳು. ಪ್ರಸಿದ್ಧ ಕಟ್ಟಡವಿದ್ದಲ್ಲೆಲ್ಲ ಇಂಥ ಕಥೆಯೊಂದು ಇರುತ್ತದೆ ತಾನೆ? ವಾಸ್ತವವಾಗಿ ಮಗನನ್ನೇ ಗಡಿಯಾರ ನೋಡಿಕೊಳ್ಳುವ ಕೆಲಸಕ್ಕೆ ಇಟ್ಟುಕೊಂಡಿದ್ದರು. ಅಂದಿನಿಂದ ಪಾಲಕರೊಬ್ಬರು ಗೋಪುರದಲ್ಲೇ ಸಂಸಾರ ಸಮೇತ ವಾಸಿಸುವ ಪದ್ಧತಿ 1998ರವರೆಗೂ ನಡೆದುಬಂತು.

ವಿಜ್ಞಾನ ಓದಿದ ನನಗೆ ಕುತೂಹಲವಾದದ್ದು ಬೇರೆ. ಆ ಮುಖಫಲಕದ ಹೊರಸುತ್ತಿನಲ್ಲಿ ಹನ್ನೆರಡಲ್ಲ, ಇಪ್ಪತ್ತನಾಲ್ಕು ಅಂಕಿಗಳಿವೆ. ಮುಳ್ಳು ಇಡೀ ದಿನಕ್ಕೆ ಒಂದೇ ಸುತ್ತು. ಇದರ ಹಿನ್ನೆಲೆ ಹೀಗಿದೆ: ಆ ಕಾಲದ ಇಟಲಿಯಲ್ಲಿ ದಿನ ಆರಂಭವಾಗುತ್ತಿದ್ದುದು ಮಧ್ಯರಾತ್ರಿಗಲ್ಲ, ಸೂರ್ಯಾಸ್ತಕ್ಕೆ. ನಮ್ಮ ಪಂಚಾಂಗದವರು ಸೂರ್ಯೋದಯದಿಂದ ಘಳಿಗೆ ಎಣಿಸುವಂತೆ, ಇವರು ಸೂರ್ಯ ಮುಳುಗಿದಾಗಿನಿಂದ (ಸಾಮಾನ್ಯವಾಗಿ ಮುಳುಗಿ ಅರ್ಧ ಗಂಟೆಯಾಗಿ ಸಂಜೆಯ ಪ್ರಾರ್ಥನೆಯ ಗಂಟೆ ಬಾರಿಸಿದಾಗಿನಿಂದ) ಒಂದು, ಎರಡು, ಮೂರು ಎಂದು ಎಣಿಸುತ್ತ ಹೋಗಿ ಮರುದಿನದ ಸಂಜೆ ಇಪ್ಪತ್ತನಾಲ್ಕಕ್ಕೆ ಬರುತ್ತಿದ್ದರು. ಇದರಲ್ಲೊಂದು ಅನುಕೂಲವಿತ್ತು. ಗಡಿಯಾರ ಇಪ್ಪತ್ತೊಂದು ತೋರಿಸಿದರೆ ಕತ್ತಲಾಗಲು ಇನ್ನು ಮೂರು ಗಂಟೆ ಬಾಕಿ ಎಂದು ಯಾವ ದೋಣಿಯವನಿಗೂ ತಿಳಿಯುತ್ತಿತ್ತು. ಅನಾನುಕೂಲವೂ ಇತ್ತು. ಸೂರ್ಯ ದಿನವೂ ಒಂದೇ ಹೊತ್ತಿಗೆ ಮುಳುಗುವುದಿಲ್ಲ. ಯಂತ್ರವಾದರೋ ಒಂದೇ ಸಮನೆ ತಿರುಗುತ್ತದೆ. ಆದ್ದರಿಂದ ಗಡಿಯಾರವನ್ನು ವರ್ಷವಿಡೀ ಸರಿಪಡಿಸುತ್ತಲೇ ಇರಬೇಕು. ಪಾಲಕ ಗೋಪುರದಲ್ಲೇ ಯಾಕೆ ಇದ್ದ ಎಂಬುದು ಈಗ ಅರ್ಥವಾಗುತ್ತದೆ.

ಇಂದು ಆ ಮುಳ್ಳು ನಮ್ಮೆಲ್ಲರ ಸಮಯವನ್ನೇ ತೋರಿಸುತ್ತದೆ. ನಾವು ನೋಡಿದಾಗ ಇಪ್ಪತ್ತು ಮತ್ತು ಇಪ್ಪತ್ತೊಂದರ ನಡುವೆ ಇತ್ತು. ಅಂದು ಸೂರ್ಯ ಮುಳುಗಿದ್ದು ಸಂಜೆ ನಾಲ್ಕೂವರೆಯ ಸುಮಾರಿಗೆ. ಹಳೆಯ ಲೆಕ್ಕದಲ್ಲಿ ನಾವು ನಿಂತಿದ್ದು ರಾತ್ರಿಯ ನಾಲ್ಕನೆಯ ಗಂಟೆಯಲ್ಲಿ. ಈ ಲೆಕ್ಕವನ್ನು ಸ್ವಲ್ಪ ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಗೋಪುರದ ಕಮಾನಿನ ಕೆಳಗಿನಿಂದ ಮೆರ್ಚೆರಿಯಾ ಎಂಬ ಅಂಗಡಿ ಬೀದಿ ಹೊರಡುತ್ತದೆ. ಎದುರಾಬದುರು ನಿಂತು ಕೈಚಾಚಿದರೆ ಗೋಡೆಗಳು ಸಿಗುವಷ್ಟು ಕಿರಿದಾದ ಓಣಿಗಳು ಅದರಿಂದ ಎರಡೂ ಬದಿಗೆ ಕವಲೊಡೆಯುತ್ತವೆ. ಅಂಗಡಿಗಳು ಮುಚ್ಚಿದ್ದವು. ನನ್ನ ವೃತ್ತಿಯಲ್ಲಿ ಎಲ್ಲಿ ಹೋದರೂ ಮೊದಲು ಕೇಳಿಸಿಕೊಳ್ಳುವುದು ಸುತ್ತಲಿನ ಸದ್ದನ್ನು: ಹಿನ್ನೆಲೆಯ ಗದ್ದಲ ಎಷ್ಟು, ಮೈಕ್ರೊಫೋನ್ ಎಲ್ಲಿಡಬೇಕು ಎಂದು. ಇಲ್ಲಿ ಮೋಟಾರು ವಾಹನವೇ ಇಲ್ಲ. ಹದಿನಾಲ್ಕು ಜೊತೆ ಬೂಟುಗಳ ಸದ್ದು, ಯಾವುದೋ ಸೇತುವೆಯ ಕೆಳಗೆ ನೀರು ಕಲ್ಲಿಗೆ ಬಡಿಯುವ ಸದ್ದು, ಅಷ್ಟೇ. ಇಂಥ ಓಣಿಯಲ್ಲಿ ಬೆನ್ನ ಹಿಂದೆ ಬರುವವನ ಹೆಜ್ಜೆ ಬಹಳ ದೂರದಿಂದಲೇ ಕೇಳಿಸುತ್ತದೆ; ಆದರೆ ಅವನು ಯಾರೆಂದು ಕಾಣಿಸುವುದಿಲ್ಲ.

ಹಳೆಯ ವೆನಿಸ್‌ನ ಜನರ ಹೆದರಿಕೆಯೂ ಇದೇ. 12ನೆಯ ಶತಮಾನದಲ್ಲೇ, ಅಪಾಯಕಾರಿ ಓಣಿಗಳಲ್ಲಿ ರಾತ್ರಿ ದೀಪ ಹಚ್ಚಬೇಕೆಂದು ಡೋಜ್ ಆಜ್ಞೆ ಮಾಡಿದನೆಂದು ನಗರದ ಇತಿಹಾಸಗಳು ಹೇಳುತ್ತವೆ. ಮುಖ ಮರೆಸಲು ಕೃತಕ ಗಡ್ಡ ಕಟ್ಟಿಕೊಳ್ಳುವುದನ್ನೂ ಆಗ ನಿಷೇಧಿಸಿದರಂತೆ. ದೀಪ ಹಚ್ಚಲು ಆರಿಸಿದ ಜಾಗ ಜಾಣತನದ್ದು. ಮೂಲೆಗಳಲ್ಲಿ, ಗೋಡೆಗಳಲ್ಲಿ ಮೇರಿ ಮಾತೆಯ ಪುಟ್ಟ ಗೂಡುಗಳಿದ್ದವು, ಈಗಲೂ ಇವೆ. ಅವುಗಳ ಮುಂದೆ ಎಣ್ಣೆದೀಪ. ಭಕ್ತಿಯೂ ಆಯಿತು, ಬೀದಿದೀಪವೂ ಆಯಿತು; ದೇವರ ಮುಂದಿನ ದೀಪವನ್ನು ಆರಿಸಲು ಕಳ್ಳನೂ ಸ್ವಲ್ಪ ಹಿಂಜರಿಯುತ್ತಾನೆ. 13ನೆಯ ಶತಮಾನದಲ್ಲಿ 'ಸಿನ್ಯೋರಿ ದಿ ನೊತ್ತೆ' ಎಂಬ ಅಧಿಕಾರಿಗಳ ನೇಮಕವಾಯಿತು. ಆ ಮಾತಿನ ಅರ್ಥವೇ 'ರಾತ್ರಿಯ ಒಡೆಯರು'. ನಗರದ ಆರು ವಿಭಾಗಗಳಿಗೆ ಆರು ಜನ. ರಾತ್ರಿಯ ಕಳ್ಳತನ, ಹೊಡೆದಾಟ, ಕೊಲೆ ಇವೆಲ್ಲ ಅವರ ವಿಚಾರಣೆಗೆ ಬರುತ್ತಿದ್ದವು.

ಕಾಸಿದ್ದವರು ಕತ್ತಲೆಯಲ್ಲಿ ನಡೆಯುವಾಗ ಬಾಡಿಗೆಗೆ ಒಬ್ಬ ದೀಪಧಾರಿಯನ್ನು ಗೊತ್ತುಮಾಡಿಕೊಳ್ಳುತ್ತಿದ್ದರು. ಕೈಯಲ್ಲಿ ಲಾಂದ್ರ ಹಿಡಿದು ಮುಂದೆ ನಡೆದು ಮನೆ ಮುಟ್ಟಿಸುವವನು. ಅವನಿಗೆ 'ಕೊದೆಗಾ' ಎಂದು ಹೆಸರು. ದಾರಿ ತೋರುವವನು ಎಂಬ ಅರ್ಥದ ಗ್ರೀಕ್ ಪದದಿಂದ ಅದು ಬಂದಿತೆಂಬ ಅಭಿಪ್ರಾಯವಿದೆ. ಇದನ್ನು ಹೇಳುತ್ತ ನಮ್ಮ ಮಾರ್ಗದರ್ಶಿ ಟಾರ್ಚನ್ನು ತನ್ನ ಮುಖದತ್ತ ತಿರುಗಿಸಿ, "ನಾನೂ ಅದೇ" ಎಂದಳು. ಸರ್ಕಾರದ ಖರ್ಚಿನಲ್ಲಿ ನಗರಕ್ಕೆಲ್ಲ ವ್ಯವಸ್ಥಿತ ಬೀದಿದೀಪಗಳು ಬಂದದ್ದು 1732ರಲ್ಲಿ. ಆಗ ಕೊದೆಗಾಗಳ ಸಂಪಾದನೆಗೆ ಪೆಟ್ಟು ಬಿದ್ದಿರಬೇಕು.

ರಿಯಾಲ್ಟೊ ಸೇತುವೆಯ ಬಳಿ ನಾವು ಹೆಚ್ಚು ನಿಲ್ಲಲಿಲ್ಲ. ಅಲ್ಲಿ ಮಧ್ಯರಾತ್ರಿಯೂ ಫೋಟೊ ತೆಗೆಯುವವರ ಗುಂಪು. ಅದರಾಚೆ, ಎರಡು ಓಣಿ ದಾಟಿ, ಒಂದು ಮಂದಬೆಳಕಿನ ಅಂಗಳಕ್ಕೆ ಬಂದೆವು. ಮಾರ್ಕೊ ಪೋಲೊನ ಮನೆತನದವರ ಮನೆಗಳಿದ್ದ ಜಾಗ. ಎಲ್ಲರೂ ಪೋಲೊನನ್ನು ನೆನೆಯುತ್ತಿದ್ದಾಗ ನನಗೆ ಇನ್ನೊಬ್ಬ ವೆನಿಸ್ ವರ್ತಕನ ನೆನಪಾಯಿತು. ನಿಕೊಲೊ ಕೊಂಟಿ! 1420ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದವನೆಂದು ನೀವು ಪರೀಕ್ಷೆಗೆ ಬಾಯಿಪಾಠ ಮಾಡಿದ ಹೆಸರು. ಇದೇ ತಗ್ಗು ಸಮುದ್ರದ ದಕ್ಷಿಣ ತುದಿಯ ಕಿಯೋಜ ಎಂಬ ಊರಿನವನು. ಪೂರ್ವದೇಶಗಳಲ್ಲಿ ಸುಮಾರು ಕಾಲು ಶತಮಾನ ಸುತ್ತಿ ಹಿಂತಿರುಗಿದ. ದಾರಿಯಲ್ಲಿ ಕ್ರೈಸ್ತ ಮತವನ್ನು ಬಿಡಬೇಕಾಗಿ ಬಂದಿತ್ತು. ಕ್ಷಮೆ ಕೇಳಿದಾಗ ಪೋಪ್, ಪ್ರಾಯಶ್ಚಿತ್ತವಾಗಿ, ಕಂಡದ್ದನ್ನೆಲ್ಲ ತನ್ನ ಕಾರ್ಯದರ್ಶಿ ಪೊಜ್ಜೊ ಬ್ರಾಚೊಲೀನಿಗೆ ಹೇಳುವಂತೆ ವಿಧಿಸಿದ. ಹೀಗೆ ಬರೆದಿಟ್ಟ ಲ್ಯಾಟಿನ್ ವೃತ್ತಾಂತದಲ್ಲಿ ವಿಜಯನಗರದ ಒಂದು ಹಬ್ಬದ ಮಾತಿದೆ. ದೇವಾಲಯಗಳ ಒಳಗೂ ಮಾಡುಗಳ ಮೇಲೂ ಲೆಕ್ಕವಿಲ್ಲದಷ್ಟು ಎಣ್ಣೆದೀಪಗಳನ್ನಿಟ್ಟು ಹಗಲೂ ರಾತ್ರಿ ಉರಿಸುತ್ತಾರೆ ಎಂದು. ವಿದ್ವಾಂಸರು ಅದನ್ನು ದೀಪಾವಳಿ ಎಂದು ಗುರುತಿಸಿದ್ದಾರೆ. ನಾನು ಆ ಅಂಗಳದಲ್ಲಿ ನಿಂತು ಯೋಚಿಸಿದೆ: ಮೂಲೆಗೊಂದು ಮಿಣುಕು ದೀಪವಿದ್ದ, ರಾತ್ರಿ ಎಂದರೆ ಬಾಗಿಲು ಭದ್ರಪಡಿಸುತ್ತಿದ್ದ ನಾಡಿನವನಿಗೆ, ಊರಿಗೆ ಊರೇ ಬೆಳಗುವ ರಾತ್ರಿ ಮನಸ್ಸಿನಲ್ಲಿ ನಿಂತದ್ದು ಆಶ್ಚರ್ಯವೇನಲ್ಲ.

ಅಲ್ಲಿಂದ ಉತ್ತರ-ಪಶ್ಚಿಮಕ್ಕೆ, ಕನ್ನರೇಜೊ ಎಂಬ ವಿಭಾಗದ ಕಡೆಗೆ, ಅರ್ಧ ಗಂಟೆಯ ನಡಿಗೆ. ಒಂದು ಅಗಲವಾದ ಕಾಲುವೆಯ ದಂಡೆಯ ಮೇಲೆ ಹೋಗುತ್ತಿದ್ದಂತೆ ಬಲಕ್ಕೆ, ಮನೆಯೊಂದರ ಕೆಳಗೆ ತಗ್ಗಾದ ಸುರಂಗದಂಥ ದಾರಿ. ಎತ್ತರದವರು ತಲೆ ತಗ್ಗಿಸಬೇಕು. ಮಾರ್ಗದರ್ಶಿ ಅಲ್ಲಿ ನಿಂತು, ಪಕ್ಕದ ಕಲ್ಲುಕಂಬದ ಮೇಲೆ ಟಾರ್ಚ್ ಬಿಟ್ಟಳು. ಕಲ್ಲಿನಲ್ಲಿ ಕೊರೆದ ಗುಳಿಗಳು. ಬಾಗಿಲಿನ ತಿರುಗಣೆಗಳು ಕೂತಿದ್ದ ಜಾಗ. ಬಾಗಿಲು ಈಗಿಲ್ಲ.

ಇದು ಗೆಟ್ಟೊ. ಜಗತ್ತಿನ ಎಲ್ಲ ಭಾಷೆಗಳಿಗೂ ಹೋಗಿರುವ ಈ ಪದ ಹುಟ್ಟಿದ್ದು ಇಲ್ಲಿ. ಹಿಂದೆ ಇಲ್ಲಿ ತಾಮ್ರ ಕರಗಿಸುವ, ಫಿರಂಗಿ ಎರಕ ಹೊಯ್ಯುವ ಕುಲುಮೆಗಳಿದ್ದವು. ಎರಕಕ್ಕೆ ವೆನಿಸ್‌ನ ಮಾತು 'ಜೆತೊ'. ಅದರಿಂದ ಗೆಟ್ಟೊ ಬಂತೆಂಬುದು ಬಹುಮಂದಿ ಒಪ್ಪಿದ ವಿವರಣೆ. 1509ರಲ್ಲಿ ವೆನಿಸ್ ಯುದ್ಧವೊಂದರಲ್ಲಿ ಸೋತಾಗ ಸುತ್ತಲ ಊರುಗಳ ಯಹೂದಿಗಳು ನಿರಾಶ್ರಿತರಾಗಿ ನಗರಕ್ಕೆ ಬಂದರು. ಅವರು ಸಾಲ ಕೊಡುವವರು, ಹಳೆ ಬಟ್ಟೆ ಮಾರುವವರು, ವೈದ್ಯರು. ನಗರಕ್ಕೆ ಅವರ ಹಣ ಬೇಕಿತ್ತು, ಅವರು ಬೇಡವಾಗಿತ್ತು. 1516ರ ಮಾರ್ಚ್ 29ರಂದು ಸೆನೆಟ್ ನಿರ್ಣಯ ಮಾಡಿತು: ಯಹೂದಿಗಳೆಲ್ಲ, ಸುತ್ತ ಕಾಲುವೆಯಿರುವ ಆ ಎರಕದ ದ್ವೀಪಕ್ಕೆ ಹೋಗಬೇಕು. ಅಲ್ಲಿದ್ದ ಹಳೆಯ ಬಾಡಿಗೆದಾರರು ಖಾಲಿ ಮಾಡಬೇಕು, ಹೊಸಬರು ಮೂರನೆಯ ಒಂದು ಭಾಗ ಹೆಚ್ಚು ಬಾಡಿಗೆ ಕೊಡಬೇಕು. ಬಾಗಿಲುಗಳಿಗೆ ನಾಲ್ವರು ಕ್ರೈಸ್ತ ಕಾವಲುಗಾರರು. ಸಂಬಳ ಕೊಡುವವರು ಒಳಗೆ ಬೀಗ ಹಾಕಿಸಿಕೊಂಡವರೇ.

ಬಾಗಿಲು ತೆರೆಯುವುದು ಬೆಳಿಗ್ಗೆ, ಸಾನ್ ಮಾರ್ಕೊ ಚೌಕದ ಎತ್ತರದ ಗಂಟೆಗೋಪುರದಲ್ಲಿ ಮಾರಂಗೋನಾ ಎಂಬ ದೊಡ್ಡ ಗಂಟೆ ಬಾರಿಸಿದಾಗ. ಬಡಗಿಗಳನ್ನು ಕೆಲಸಕ್ಕೆ ಕರೆಯುವ ಗಂಟೆಯೆಂದು ಅದಕ್ಕೆ ಆ ಹೆಸರು. ಮುಚ್ಚುವುದು? "ಮಧ್ಯರಾತ್ರಿಗೆ" ಎಂದಳು ಮಾರ್ಗದರ್ಶಿ. ಹಲವು ಪುಸ್ತಕಗಳಲ್ಲೂ ಹಾಗೇ ಇದೆ.

ನನಗೆ ಸಂದೇಹ ಬಂತು. ಮೂಲ ನಿರ್ಣಯದಲ್ಲಿ ಏನಿದೆ ಎಂದು ಕೇಳಿದೆ. ಆಕೆ ನೆನಪಿನಿಂದಲೇ ಹೇಳಿದಳು: ಸಂಜೆ ಇಪ್ಪತ್ತನಾಲ್ಕು ಗಂಟೆಗೆ. ಎರಡು ಗಂಟೆಯ ಹಿಂದೆ ನಾವು ನಿಂತಿದ್ದ ಗಡಿಯಾರವನ್ನು ನೆನಪಿಸಿಕೊಳ್ಳಿ! ಆ ಕಾಲದ ಇಪ್ಪತ್ತನಾಲ್ಕನೆಯ ಗಂಟೆ ಎಂದರೆ ನಮ್ಮ ರಾತ್ರಿ ಹನ್ನೆರಡಲ್ಲ, ಸೂರ್ಯ ಮುಳುಗುವ ಹೊತ್ತು. ನಾನು ಹಾಗೆಂದಾಗ ಆಕೆ ಒಂದು ಕ್ಷಣ ಸುಮ್ಮನಿದ್ದು, "ಹೌದಲ್ಲ, 'ಸಂಜೆ' ಎಂದೇ ಇದೆ" ಎಂದಳು. ಹಿಂದಿರುಗಿ ಬಂದ ಮೇಲೆ ಈ ವಿಷಯದ ತಜ್ಞರ ಬರಹಗಳನ್ನು ನೋಡಿದೆ. ಅವರು ಸೂರ್ಯಾಸ್ತವೆಂದೇ ಓದಿದ್ದಾರೆ. ನಿರ್ಣಯವಾದ ಸ್ವಲ್ಪ ಕಾಲದಲ್ಲೇ ಅವಧಿಯನ್ನು ಬೇಸಿಗೆಯಲ್ಲಿ ಸೂರ್ಯಾಸ್ತದ ನಂತರ ಒಂದು ಗಂಟೆಗೆ, ಚಳಿಗಾಲದಲ್ಲಿ ಎರಡು ಗಂಟೆಗೆ ಸಡಿಲಿಸಲಾಯಿತು ಎಂಬುದೂ ಅಲ್ಲಿದೆ.

ಇದೇನು ದೊಡ್ಡ ವ್ಯತ್ಯಾಸ ಎನ್ನಬೇಡಿ, ಲೆಕ್ಕ ಹಾಕಿ ನೋಡಿ. ವೆನಿಸ್ ಇರುವುದು ಉತ್ತರ ಅಕ್ಷಾಂಶ 45 ಡಿಗ್ರಿಗಿಂತ ತುಸು ಮೇಲೆ. ನಮ್ಮಲ್ಲಿ ಚಳಿಗಾಲದ ಹಗಲಿಗೂ ಬೇಸಿಗೆಯ ಹಗಲಿಗೂ ಒಂದೂವರೆ ಗಂಟೆಯ ಅಂತರವಾದರೆ, ಅಲ್ಲಿ ಏಳು ಗಂಟೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗಿದರೆ ಮತ್ತೆ ಕಾಣುವುದು ಏಳೂಮುಕ್ಕಾಲರ ಹೊತ್ತಿಗೆ. ಹದಿನೈದು ಗಂಟೆಯ ರಾತ್ರಿ. ಎರಡು ಗಂಟೆಯ ರಿಯಾಯಿತಿ ಕಳೆದರೂ ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು, ಹದಿಮೂರು ಗಂಟೆಯಷ್ಟು, ಇಡೀ ಸಮುದಾಯ ಬೀಗದ ಒಳಗೆ. ಮಧ್ಯರಾತ್ರಿ ಎಂದು ಓದಿದರೆ ಅದು ಏಳೆಂಟು ಗಂಟೆಯ ನಿದ್ದೆಯ ಹೊತ್ತು. ಅಂಥ ಕಷ್ಟವೇನಲ್ಲ ಎನಿಸುತ್ತದೆ. ಸರಿಯಾಗಿ ಓದಿದರೆ, ಸಂಜೆ ಆರೂವರೆಯ ನಂತರ ಈ ಜನರಿಗೆ ವೆನಿಸ್ ಇರಲೇ ಇಲ್ಲ. ಹೀಗೆ 281 ವರ್ಷ.

ಒಂದು ವಿನಾಯಿತಿ ಇತ್ತು. ವೈದ್ಯರಿಗೆ! ಯಹೂದಿ ವೈದ್ಯರು ಹೆಸರುವಾಸಿಯಾಗಿದ್ದರು. ಹತ್ತಿರದ ಪಾದುವಾ ವಿಶ್ವವಿದ್ಯಾಲಯ ಅವರಿಗೆ ವೈದ್ಯಪದವಿ ಕೊಡುತ್ತಿತ್ತು. ರಾತ್ರಿ ಯಾವುದಾದರೂ ಶ್ರೀಮಂತ ಕ್ರೈಸ್ತನ ಮನೆಯಲ್ಲಿ ಜ್ವರ ಏರಿದರೆ ಬಾಗಿಲು ತೆರೆಯುತ್ತಿತ್ತು. ಕಾಯಿಲೆಗೆ ಕಟ್ಟಳೆ ತಿಳಿಯದಷ್ಟೆ.

ಸುರಂಗ ದಾಟಿ, ಓಣಿ ದಾಟಿ, ಸೇತುವೆ ದಾಟಿದರೆ ವಿಶಾಲವಾದ ಚೌಕ. ಇದು ಗೆಟ್ಟೊ ನುವೊವೊ, ಅಂದರೆ ಹೊಸ ಗೆಟ್ಟೊ. ಆದರೆ ಯಹೂದಿಗಳು ಮೊದಲು ಬಂದದ್ದು ಇಲ್ಲಿಗೇ. 'ಹಳೆಯ' ಗೆಟ್ಟೊ ಸೇರಿದ್ದು ಆಮೇಲೆ, 1541ರಲ್ಲಿ. ಹೊಸದು ಹಳೆಯದು ಎನ್ನುವುದು ಕುಲುಮೆಗಳ ಕಾಲದ ಹೆಸರು. ಸುತ್ತಲಿನ ಮನೆಗಳು ವೆನಿಸ್‌ನ ಇತರ ಮನೆಗಳಿಗಿಂತ ಎತ್ತರ. ಜನ ಸಾವಿರಗಟ್ಟಲೆ ಹೆಚ್ಚಿದರು, ಜಾಗ ಹೆಚ್ಚಲಿಲ್ಲ, ಮೇಲಕ್ಕೆ ಕಟ್ಟಿದರು. ಏಳು, ಎಂಟು ಅಂತಸ್ತು. ಒಂದೊಂದರ ಚಾವಣಿಯೂ ಎಷ್ಟು ತಗ್ಗೆಂದರೆ ಕಿಟಕಿಗಳ ಸಾಲುಗಳು ಒಂದರ ಮೇಲೊಂದು ಒತ್ತಿಕೊಂಡಂತೆ ಕಾಣುತ್ತವೆ. ಮೇಲಂತಸ್ತಿನಲ್ಲಿ ಐದು ದೊಡ್ಡ ಕಿಟಕಿಗಳು ಸಾಲಾಗಿ ಕಂಡರೆ ಅದು ಪ್ರಾರ್ಥನಾ ಮಂದಿರ. ಮೋಶೆಯ ಐದು ಗ್ರಂಥಗಳಿಗೆ ಐದು ಕಿಟಕಿ. ಅವುಗಳಲ್ಲಿ ಅತ್ಯಂತ ಹಳೆಯದು 1528ರದ್ದು. ಹಗಲು ಹಳದಿ ಗುರುತು ಧರಿಸಿ ತಲೆ ತಗ್ಗಿಸಿ ನಡೆದವರು, ಬೀಗ ಬಿದ್ದ ಮೇಲೆ ಅಲ್ಲಿ ಓದುತ್ತಿದ್ದರು, ಹಾಡುತ್ತಿದ್ದರು, ವಾದ ಮಾಡುತ್ತಿದ್ದರು. ಇದನ್ನು ಹೇಳಿ ಬಾಗಿಲನ್ನು ಹಗುರ ಮಾಡುವುದು ನನ್ನ ಉದ್ದೇಶವಲ್ಲ.

1797ರ ಮೇ ತಿಂಗಳಲ್ಲಿ ಗಣರಾಜ್ಯ ಬಿತ್ತು. ಜುಲೈನಲ್ಲಿ ಆ ಬಾಗಿಲುಗಳನ್ನು ಕಿತ್ತು, ಈ ಚೌಕದಲ್ಲೇ ಸುಟ್ಟರು. ಜನ ಕುಣಿದರಂತೆ.

ನಡಿಗೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮಾರ್ಗದರ್ಶಿ ನಮ್ಮನ್ನು ಚೌಕದ ಒಂದು ಬದಿಯ ಇಟ್ಟಿಗೆ ಗೋಡೆಯ ಬಳಿಗೆ ಕರೆದೊಯ್ದಳು. ಗೋಡೆಯಲ್ಲಿ ಕಂಚಿನ ಉಬ್ಬುಚಿತ್ರಗಳು. ಲಿಥುವೇನಿಯಾದಲ್ಲಿ ಹುಟ್ಟಿದ ಆರ್ಬಿತ್ ಬ್ಲಾತಾಸ್ ಎಂಬ ಕಲಾವಿದರು ಮಾಡಿದ್ದು. 1938ರಲ್ಲಿ ಮುಸ್ಸೊಲಿನಿಯ ಸರ್ಕಾರ ಜನಾಂಗ ಕಾನೂನುಗಳನ್ನು ತಂದು ಯಹೂದಿಗಳನ್ನು ಶಾಲೆಗಳಿಂದ, ಉದ್ಯೋಗಗಳಿಂದ ಹೊರಹಾಕಿತು. 1943ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೇನೆ ವೆನಿಸ್‌ಗೆ ಬಂತು. ಆಗ ಯಹೂದಿ ಸಮುದಾಯದ ಅಧ್ಯಕ್ಷರಾಗಿದ್ದವರು ಡಾ. ಜುಸೆಪ್ಪೆ ಯೋನಾ. ನಗರದ ಆಸ್ಪತ್ರೆಯಲ್ಲಿ ದೀರ್ಘಕಾಲ ಸೇವೆ ಮಾಡಿದ ವೈದ್ಯರು, ವಯಸ್ಸು ಎಪ್ಪತ್ತೇಳರ ಹತ್ತಿರ. ಸಮುದಾಯದವರ ಹೆಸರು-ವಿಳಾಸಗಳ ಪಟ್ಟಿ ಕೊಡಬೇಕೆಂಬ ಒತ್ತಾಯ ಅವರ ಮೇಲೆ ಬಂತು. ಅವರು ಪಟ್ಟಿಯನ್ನು ನಾಶಮಾಡಿದರು. ಅದನ್ನು ತಮ್ಮ ಬಾಯಿಂದ ಯಾರೂ ಹೊರಡಿಸದಂತೆ, ಸೆಪ್ಟೆಂಬರ್ 17ರಂದು ತಮ್ಮ ಪ್ರಾಣವನ್ನೂ ಬಿಟ್ಟರು. ಸಿಕ್ಕ ಆ ಸಮಯದಲ್ಲಿ ಅನೇಕರು ಊರು ಬಿಟ್ಟು ತಪ್ಪಿಸಿಕೊಂಡರು. ಎಲ್ಲರಿಗೂ ಆಗಲಿಲ್ಲ. ಡಿಸೆಂಬರ್ 5ರ ರಾತ್ರಿ ಮನೆಮನೆಗೆ ನುಗ್ಗಿ ಬಂಧಿಸಿದರು. ಮುಂದಿನ ಆಗಸ್ಟ್‌ನಲ್ಲಿ ವೃದ್ಧಾಶ್ರಮದ ಮುದುಕರನ್ನೂ, ಅವರ ಜೊತೆಗಿದ್ದ ಗುರು ಅಡೊಲ್ಫೊ ಒತ್ತೊಲೆಂಗಿಯವರನ್ನೂ ಒಯ್ದರು. ಒಟ್ಟು ಸುಮಾರು 250 ಮಂದಿ. ಹಿಂತಿರುಗಿದವರು ಬೆರಳೆಣಿಕೆಯಷ್ಟು.

ಗುಂಪಿನಲ್ಲಿ ಯಾರೂ ಫೋಟೊ ತೆಗೆಯಲಿಲ್ಲ. ನಾನು ಕ್ಯಾಮೆರಾದ ಜೊತೆಯೇ ಬದುಕುವವನಾದರೂ ಅಂದು ಕೈ ಏಳಲಿಲ್ಲ. ತಲೆಯೆತ್ತಿ ನೋಡಿದರೆ ಆ ಎತ್ತರದ ಮನೆಗಳಲ್ಲಿ ಬೆಳಕಿದ್ದ ಕಿಟಕಿಗಳು ನಾಲ್ಕೋ ಐದೋ. ಎಲ್ಲರೂ ಮಲಗಿದರೇ ಎಂದು ಕೇಳಿದೆ. ಇಲ್ಲ, ಇರುವವರೇ ಕಡಿಮೆ ಎಂದಳು ಮಾರ್ಗದರ್ಶಿ. 1951ರಲ್ಲಿ ಹಳೆಯ ವೆನಿಸ್ ನಗರದಲ್ಲಿ ಸುಮಾರು 1,75,000 ಜನರಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಮನೆಗಳು ಪ್ರವಾಸಿಗರ ತಂಗುದಾಣಗಳಾಗಿವೆ. ಹಗಲು ಬಂದು ಸಂಜೆ ಹೋಗುವವರ ನೂಕುನುಗ್ಗಲು ತಡೆಯಲು 2024ರಿಂದ ವರ್ಷದ ಕೆಲವು ದಿನ ಪ್ರವೇಶ ಶುಲ್ಕವನ್ನೂ ವಿಧಿಸಲಾಗಿದೆ. ಆಕೆಯೂ ನಡಿಗೆ ಮುಗಿಸಿ ಕೊನೆಯ ರೈಲಿನಲ್ಲಿ ಸೇತುವೆಯಾಚೆಯ ಮೆಸ್ತ್ರೆಗೆ ಹೋಗಬೇಕಿತ್ತು. ನಗರದ ಇತಿಹಾಸ ಹೇಳಿ ಸಂಪಾದಿಸುವವಳಿಗೆ ನಗರದಲ್ಲಿ ಬಾಡಿಗೆ ಕಟ್ಟಲಾಗದು.

ಚೌಕದ ಮೂಲೆಯಲ್ಲಿ ಪುಟ್ಟ ಪಹರೆಗೂಡು ಇತ್ತು. ಒಳಗಿನವರನ್ನು ಕಾಯಲು ಈಗ ಸರ್ಕಾರವೇ ಇಟ್ಟಿರುವ ಕಾವಲು. ಸಿಪಾಯಿ ನಮ್ಮನ್ನು ನೋಡಿ ತಲೆಯಾಡಿಸಿದ. ಗುಂಪು ಚದುರಿತು. ನಾನು ನೀರಿನ ಬಸ್ಸು ಹಿಡಿದು ಮಹಾಕಾಲುವೆಯ ಉದ್ದಕ್ಕೂ ಹಿಂದಿರುಗಿದೆ. ಸಾನ್ ಮಾರ್ಕೊ ಬಳಿ ಇಳಿಯುವ ಹೊತ್ತಿಗೆ ಗಂಟೆಗೋಪುರದಿಂದ ಮಾರಂಗೋನಾ ಬಾರಿಸತೊಡಗಿತು. 1902ರ ಜುಲೈನಲ್ಲಿ ಆ ಗೋಪುರ ಕುಸಿದು ಮಣ್ಣಾದಾಗ ಉಳಿದುಕೊಂಡ ಗಂಟೆ ಅದು. ಈಗ ಮಧ್ಯರಾತ್ರಿಗೂ ಬಾರಿಸುತ್ತಾರೆ. ಕೈಗಡಿಯಾರ ನೋಡಿಕೊಂಡೆ. ಹನ್ನೆರಡು. ಹಳೆಯ ಲೆಕ್ಕದಲ್ಲಿ ಏಳು ಗಂಟೆ.